ಬೀಡಿಗೆ ಪುಸ್ತಕ ಇತ್ತು, ಸೀರಿಯಲ್ಲಿಗೆ ಚೀಟಿಯೂ ಇಲ್ಲ

ನನ್ನ ಅಮ್ಮ ಬೀಡಿ ಕಟ್ಟಿದವರು. ಉಡುಪಿ ಹತ್ತಿರದ ಪರ್ಕಳದಲ್ಲಿ ನಮ್ಮ ಆಚೀಚೆ ಮನೆಯ ಹೆಂಗಸರಲ್ಲಿ ಹೆಚ್ಚಿನವರೂ ಕಟ್ಟುತ್ತಿದ್ದರು. ಬೆಳಿಗ್ಗೆ ಗಂಜಿ ಉಂಡು ಜಗಲಿಯಲ್ಲಿ ತಡ್ಪೆ ಹಿಡಿದು ಕೂತರೆ ಏಳುವುದು ಬೀಡಿ ಕಂಪನಿಯ ಬ್ರಾಂಚಿಗೆ ಹೊರಡುವ ಹೊತ್ತಿಗೆ. ಬ್ರಾಂಚಿನಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ ತೂಗಿ ಕೊಡುತ್ತಿದ್ದರು. ಕಟ್ಟಿ ತಂದದ್ದನ್ನು ಎಣಿಸಿ, ಇಷ್ಟು ಸಾವಿರ ಎಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಆ ಪುಸ್ತಕದಲ್ಲಿ ಅಮ್ಮನ ಹೆಸರಿತ್ತು, ಪಿ.ಎಫ್. ನಂಬರಿತ್ತು.

ಆ ಕೆಲಸವನ್ನು ಹೊಗಳುವ ಮನಸ್ಸು ನನಗಿಲ್ಲ. ಕೂಲಿ ಕಡಿಮೆ. ಎಲೆ ಕೆಟ್ಟದು ಬಂದರೆ ನಷ್ಟ ಕಟ್ಟುವವರ ತಲೆಗೆ. ಅಮ್ಮನ ಕೆಮ್ಮು ಕೊನೆಯವರೆಗೂ ಬಿಡಲಿಲ್ಲ. ಆದರೂ ಅವರು ಕೆಲಸ ಬಿಟ್ಟಾಗ ಪಿ.ಎಫ್. ಬಂತು, ಗ್ರಾಚ್ಯುಟಿ ಬಂತು. ಅದಕ್ಕೆ ಮೊದಲು, ಬೀಡಿ ಕಾರ್ಮಿಕರ ಮಗಳೆಂದು ನನಗೆ ಶಾಲೆಯಲ್ಲಿ ವಿದ್ಯಾರ್ಥಿವೇತನವೂ ಬಂದಿತ್ತು. ಅಮ್ಮನ ಪಿ.ಎಫ್. ಹಣದಲ್ಲಿಯೇ ನಮ್ಮ ಮನೆಗೆ ಹೊಲಿಗೆ ಮಿಷನ್ ಬಂದದ್ದು. ಆ ಮಿಷನ್ನಿನಲ್ಲಿ ಪಳಗಿದ ಕೈಯಿಂದಾಗಿ ನಾನು ಬೆಂಗಳೂರಿಗೆ ಹೋದೆ, ಟಿ.ವಿ. ಧಾರಾವಾಹಿಗಳ ಕಾಸ್ಟ್ಯೂಮ್ ವಿಭಾಗ ಸೇರಿದೆ. ಹಲವು ವರ್ಷ ಅಲ್ಲಿ ದುಡಿದೆ. ಈಗ ಪರ್ಕಳದಲ್ಲೇ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಉಡುಪಿ, ಕಾಪು, ಕಾರ್ಕಳದ ಕಡೆ ಯಾವುದಾದರೂ ಯೂನಿಟ್ ಬಂದರೆ ಕರೆಯುತ್ತಾರೆ, ಹೋಗುತ್ತೇನೆ. ಇಷ್ಟು ವರ್ಷದ ಆ ಕೆಲಸಕ್ಕೆ ಸಾಕ್ಷಿಯಾಗಿ ಒಂದು ತುಂಡು ಕಾಗದವೂ ನನ್ನ ಹತ್ತಿರ ಇಲ್ಲ.

ಕಾಸ್ಟ್ಯೂಮ್ ಅಂದರೆ ನಾಯಕಿಗೆ ಚಂದದ ಸೀರೆ ಆರಿಸುವುದು ಅಂತ ನೋಡುವವರು ತಿಳಿದಿರುತ್ತಾರೆ. ಆರಿಸುವವರು ಬೇರೆ. ನಮ್ಮದು ಇಸ್ತ್ರಿ, ಸೇಫ್ಟಿ ಪಿನ್, ಸೂಜಿ, ನೂಲು. ಎಲ್ಲಕ್ಕಿಂತ ದೊಡ್ಡದು ಕಂಟಿನ್ಯೂಟಿ. ಧಾರಾವಾಹಿಯನ್ನು ಕತೆಯ ಕ್ರಮದಲ್ಲಿ ಶೂಟ್ ಮಾಡುವುದಿಲ್ಲ. ಅತ್ತೆ ಅಡುಗೆಮನೆಯಿಂದ ಸಿಟ್ಟಿನಲ್ಲಿ ಹೊರಟದ್ದನ್ನು ಇವತ್ತು ತೆಗೆದರೆ, ಆಕೆ ಹಜಾರಕ್ಕೆ ಬಂದು ಬೈಯುವುದನ್ನು ತೆಗೆಯುವುದು ಮುಂದಿನ ವಾರ. ಟಿ.ವಿ.ಯಲ್ಲಿ ನಡುವೆ ಇರುವುದು ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಯಲ್ಲಿ ಸೆರಗಿನ ಮಡಿಕೆ ಬದಲಾಗಬಾರದು, ಬಳೆಯ ಲೆಕ್ಕ ತಪ್ಪಬಾರದು, ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ ಎಡದಿಂದ ಬಲಕ್ಕೆ ಹೋಗಬಾರದು. ತಪ್ಪಿದರೆ ಎಲ್ಲರ ಮುಂದೆ ಬೈಗುಳ. ತಪ್ಪದೆ ಮಾಡಿದ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ, ಈ ಕೆಲಸದ ಗುಣವೇ ಅದು. ಲೊಕೇಷನ್‌ಗೆ ಎಲ್ಲರಿಗಿಂತ ಮೊದಲು ಬರುವವರು ನಾವು. ಪ್ಯಾಕಪ್ ಆದ ಮೇಲೆ ಬಟ್ಟೆ ಎಣಿಸಿ, ಬೆವರಿನದ್ದನ್ನು ಬೇರೆ ಮಾಡಿ, ಟ್ರಂಕಿಗೆ ತುಂಬಿ ಕೊನೆಗೆ ಹೊರಡುವವರೂ ನಾವೇ.

ನನಗೆ ಆ ಕೆಲಸ ಇಷ್ಟ. ಈಗಲೂ ಇಷ್ಟ. ಹಳೆಯ ಹತ್ತಿ ಸೀರೆಗೆ ಚಹಾದ ನೀರಿನಲ್ಲಿ ಬಣ್ಣ ಇಳಿಸಿ, ಅದನ್ನು ಉಟ್ಟವಳು ಹತ್ತು ವರ್ಷ ಬಡತನ ಕಂಡವಳು ಎಂದು ಒಂದು ಮಾತೂ ಇಲ್ಲದೆ ತೋರಿಸುವುದು ಸಣ್ಣ ವಿದ್ಯೆಯಲ್ಲ.

ಸಂಬಳ ದಿನದ ಲೆಕ್ಕ. ಪೇಮೆಂಟ್ ಬರುವುದು ಮೂರು ತಿಂಗಳಿಗೆ, ಕೆಲವು ಸಲ ಇನ್ನೂ ತಡ. ಒಂದು ಧಾರಾವಾಹಿಯನ್ನು ಟಿ.ಆರ್.ಪಿ. ಇಲ್ಲವೆಂದು ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರು. ಕೊನೆಯ ಶೆಡ್ಯೂಲಿನ ಹಣ ಇಂದಿಗೂ ಬಂದಿಲ್ಲ. ಚಾನೆಲ್ಲಿನವರು ನಿರ್ಮಾಪಕರನ್ನು ಕೇಳಿ ಅಂದರು. ನಿರ್ಮಾಪಕರ ಆಫೀಸಿನವರು ನಿಮ್ಮನ್ನು ಕರೆತಂದ ಮ್ಯಾನೇಜರನ್ನು ಕೇಳಿ ಅಂದರು. ಮ್ಯಾನೇಜರ್ ಬೇರೆ ಕಂಪನಿ ಸೇರಿಯಾಗಿತ್ತು. ನಾನು ಬಸುರಿಯಾದಾಗ ಎಲ್ಲರೂ ಪ್ರೀತಿಯಿಂದಲೇ ಮಾತಾಡಿದರು, ರೆಸ್ಟ್ ತಗೊಳ್ಳಿ ಅಂದರು. ಮರುದಿನದಿಂದ ನನ್ನ ಜಾಗದಲ್ಲಿ ಇನ್ನೊಬ್ಬಳಿದ್ದಳು. ಹೆರಿಗೆ ರಜೆ ಅನ್ನುವ ಮಾತು ಯಾರ ಬಾಯಲ್ಲೂ ಬರಲಿಲ್ಲ, ರಜೆ ಕೊಡಬೇಕಾದ ಧಣಿ ಯಾರು ಅನ್ನುವುದೇ ಎಲ್ಲಿಯೂ ಬರೆದಿರಲಿಲ್ಲವಲ್ಲ.

ಜಗಲಿಯಲ್ಲಿ ಕೂತು ದುಡಿದ ಅಮ್ಮನಿಗೆ ಸಿಕ್ಕಿದ್ದು, ಊರಿಗೆ ಊರೇ ನೋಡುವ ಧಾರಾವಾಹಿಗೆ ದುಡಿದ ಮಗಳಿಗೆ ಯಾಕೆ ಸಿಗಲಿಲ್ಲ? ಇದಕ್ಕೆ ಉತ್ತರ ಹುಡುಕುತ್ತಾ ಹೋದಾಗ ಗೊತ್ತಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದದ್ದು 1966ರಲ್ಲಿ. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ, ನಡುವೆ ಕಂಟ್ರಾಕ್ಟರ್ ಇದ್ದರೂ ಮಾಲೀಕನ ಹೊಣೆ ತಪ್ಪುವುದಿಲ್ಲ ಎಂದು ಅದು ಹೇಳಿತು. ಬೀಡಿ ಮಾಲೀಕರು ಕೋರ್ಟಿಗೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆ ಬಂತು. ಕರಾವಳಿಯಲ್ಲಿ ಇದೆಲ್ಲ ಕಾಗದದಿಂದ ಕೈಗೆ ಇಳಿದದ್ದು ಯೂನಿಯನ್ನಿನವರು ಬ್ರಾಂಚು ಬ್ರಾಂಚಿಗೆ ಹೋಗಿ, ಪುಸ್ತಕ ಕೊಡಿ ಎಂದು ಹಟ ಹಿಡಿದುದರಿಂದ.

ಸಿನಿಮಾದವರಿಗೂ ಕಾನೂನು ಇಲ್ಲವೆಂದಲ್ಲ. 1981ರಲ್ಲಿ ಸಂಸತ್ತು ಸಿನಿಮಾ ಕಾರ್ಮಿಕರಿಗಾಗಿ ಕಾಯ್ದೆಗಳನ್ನು ಮಾಡಿತು. ಒಂದು ಕಲ್ಯಾಣ ನಿಧಿಗೆ. ಇನ್ನೊಂದು, ಲಿಖಿತ ಕರಾರು ಇಲ್ಲದೆ ಯಾರನ್ನೂ ಚಿತ್ರದ ಕೆಲಸಕ್ಕೆ ಇಟ್ಟುಕೊಳ್ಳಬಾರದು ಎನ್ನುವುದಕ್ಕೆ. ಬೀಡಿ, ಸಿನಿಮಾ, ಗಣಿ ಈ ಮೂರೂ ಕಡೆಯ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವುದು ಕೇಂದ್ರ ಕಾರ್ಮಿಕ ಸಚಿವಾಲಯದ ಒಂದೇ ಯೋಜನೆ! ಅಮ್ಮನಿಂದಾಗಿ ನನಗೆ ಬಂದ ಆ ಹಣ ನನ್ನಿಂದಾಗಿ ನನ್ನ ಮಗಳಿಗೆ ಬರಲಿಲ್ಲ. 1981ರ ಕರಾರಿನ ಕಾಯ್ದೆ ನೋಡಿದ್ದು ಚಲನಚಿತ್ರವನ್ನು ಮಾತ್ರ, ಟಿ.ವಿ. ಅದರ ಲೆಕ್ಕದಲ್ಲಿ ಇರಲಿಲ್ಲ. 2020ರ ಕಾರ್ಮಿಕ ಸಂಹಿತೆ ಟಿ.ವಿ. ಮತ್ತು ಡಿಜಿಟಲ್ ಕೆಲಸದವರನ್ನೂ ಒಳಗೆ ತಂದಿತು, ಅವರಿಗೂ ಲಿಖಿತ ಕರಾರು ಕಡ್ಡಾಯ ಮಾಡಿತು. ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಅಂದರೆ ಈಗ ಕಾನೂನು ನಮ್ಮ ಪರ ಉಂಟು. ಆದರೆ ಬ್ರಾಂಚಿಗೆ ಹೋಗಿ ಪುಸ್ತಕ ಕೇಳಿದವರ ಹಾಗೆ ಕೇಳುವವರು ಇಲ್ಲ. ಯಾಕಿಲ್ಲ ಎಂದರೆ, ತೆರೆಯ ಹಿಂದೆ ದುಡಿಯುವವರು ನಮ್ಮ ಕಣ್ಣಿಗೇ ಬೀಳುವುದಿಲ್ಲ.

ನಮ್ಮ ಕರಾವಳಿಯ ಹೆಣ್ಣುಮಕ್ಕಳು ಸಿನಿಮಾಕ್ಕೆ ಹೋದದ್ದು ನಿನ್ನೆ ಮೊನ್ನೆ ಅಲ್ಲ. ‘ಬೇಡರ ಕಣ್ಣಪ್ಪ’ದ ಪಂಢರಿಬಾಯಿ ಭಟ್ಕಳದಲ್ಲಿ ಹುಟ್ಟಿದವರು. ಲೀಲಾವತಿ ಬೆಳ್ತಂಗಡಿಯವರು. ಮಿನುಗುತಾರೆ ಕಲ್ಪನಾ ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡದಲ್ಲಿ. ಕಲ್ಪನಾ 1979ರಲ್ಲಿ ಸಂಕೇಶ್ವರದ ಹತ್ತಿರ ಗೋಟೂರಿನಲ್ಲಿ ತೀರಿಕೊಂಡಾಗ ವಯಸ್ಸು 35. ಲೀಲಾವತಿ 2023ರವರೆಗೆ ಬದುಕಿದರು, ತಾವಿದ್ದ ಸೋಲದೇವನಹಳ್ಳಿಯಲ್ಲಿ ಬಡವರಿಗೆ ಆಸ್ಪತ್ರೆ ಕಟ್ಟಿಸಿದರು. ಜಯಮಾಲಾ ಅವರದ್ದು ನವಮಂಗಳೂರು ಬಂದರಿಗಾಗಿ ಪಣಂಬೂರಿನಿಂದ ಎದ್ದು ಚಿಕ್ಕಮಗಳೂರಿಗೆ ಹೋದ ತುಳು ಕುಟುಂಬ. ನಟಿಸಿದರು, ನಿರ್ಮಾಪಕಿಯಾಗಿ ‘ತಾಯಿ ಸಾಹೇಬ’ ಮಾಡಿದರು, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯ ಮೊದಲ ಅಧ್ಯಕ್ಷೆಯಾದರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾಗಿ ನಮ್ಮ ಉಡುಪಿಗೇ ಉಸ್ತುವಾರಿ ಮಂತ್ರಿಯಾಗಿ ಬಂದರು. ಉಡುಪಿಯಲ್ಲೇ ಹುಟ್ಟಿದ ವಿನಯಾ ಪ್ರಸಾದ್ ಜಿ.ವಿ. ಅಯ್ಯರ್ ಅವರ ‘ಮಧ್ವಾಚಾರ್ಯ’ದಿಂದ ಸುರು ಮಾಡಿ, 1993ರ ‘ಮಣಿಚಿತ್ರತಾಳ್’ನಿಂದ ಮಲಯಾಳಿಗಳ ಮನೆಯವರಾದರು, ಅಲ್ಲಿಯ ‘ಸ್ತ್ರೀ’ ಧಾರಾವಾಹಿಯಲ್ಲಿ ವರ್ಷಗಟ್ಟಲೆ ನಟಿಸಿದರು, ಆಮೇಲೆ ಕನ್ನಡದಲ್ಲಿ ತಾವೇ ಒಂದು ಚಿತ್ರ ನಿರ್ದೇಶಿಸಿದರು.

ಇವರ ಹೆಸರು ಹೇಳಿ ನಾವು ಹೆಮ್ಮೆಪಡುತ್ತೇವೆ, ಪಡಬೇಕು. ಆದರೆ ಈ ಹೆಮ್ಮೆಯಲ್ಲಿ ಒಂದು ಕುರುಡು ಉಂಟು. ಸಿನಿಮಾಕ್ಕೆ ಹೋದ ಹೆಣ್ಣೆಂದರೆ ನಮಗೆ ಮುಖ ಮಾತ್ರ ಕಾಣುತ್ತದೆ. ‘ತಾಯಿ ಸಾಹೇಬ’ಕ್ಕೆ ಉಡುಪು ವಿನ್ಯಾಸ ಮಾಡಿದ ವೈಶಾಲಿ ಕಾಸರವಳ್ಳಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು ಎಂದು ನಮ್ಮೂರಲ್ಲಿ ಎಷ್ಟು ಜನರಿಗೆ ಗೊತ್ತು? ಮುಂದೆ ಅವರೇ ‘ಮೂಡಲ ಮನೆ’ ಧಾರಾವಾಹಿಯನ್ನು ನಿರ್ದೇಶಿಸಿದರು. ಬಿ.ಆರ್. ಪಂತುಲು ಅವರ ಮಗಳು ವಿಜಯಲಕ್ಷ್ಮಿ 1985ರಲ್ಲಿ ತಮಿಳು ಚಿತ್ರಕ್ಕೆ ಕ್ಯಾಮೆರಾ ಹಿಡಿದರು. ವೈದೇಹಿಯವರ ಕತೆಗಳನ್ನು ‘ಅಮ್ಮಚ್ಚಿಯೆಂಬ ನೆನಪು’ ಮಾಡಿ 2018ರಲ್ಲಿ ತೆರೆಗೆ ತಂದ ಚಂಪಾ ಶೆಟ್ಟಿ ಡಬ್ಬಿಂಗ್ ಕಲಾವಿದೆ. ‘ಕಾಂತಾರ’ದ ವಸ್ತ್ರ ವಿನ್ಯಾಸ ಪ್ರಗತಿ ಶೆಟ್ಟಿಯವರದ್ದು. ಕಣ್ಣಿಗೆ ಕಾಣುವುದು ಮುಖ ಮಾತ್ರ ಆದಾಗ, ಹುಡುಗಿಗೆ ವಯಸ್ಸು ಮೂವತ್ತು ದಾಟಿತು ಅಂದ ಕೂಡಲೆ ವೃತ್ತಿ ಮುಗಿಯಿತು ಎಂದು ಮನೆಯವರೂ ನಂಬುತ್ತಾರೆ, ಅವಳೂ ನಂಬುತ್ತಾಳೆ. ಎಡಿಟಿಂಗ್, ಸೌಂಡ್, ಡಬ್ಬಿಂಗ್, ಕಾಸ್ಟ್ಯೂಮ್, ಬರವಣಿಗೆ ಇವಕ್ಕೆಲ್ಲ ವಯಸ್ಸಾದ ಹಾಗೆ ಬೆಲೆ ಏರಬೇಕು. ಕೈ ಪಳಗುವುದೇ ಆಗ.

ತೆರೆಯ ಹಿಂದಿನ ಬಾಗಿಲೂ ಹೆಂಗಸರಿಗೆ ತಾನಾಗಿ ತೆರೆದದ್ದಲ್ಲ. ಮುಂಬಯಿಯಲ್ಲಿ ಮೇಕಪ್ ಕಲಾವಿದರ ಸಂಘ ಹತ್ತಾರು ವರ್ಷ ಹೆಂಗಸರಿಗೆ ಮೇಕಪ್ ಕಾರ್ಡ್ ಕೊಡುತ್ತಿರಲಿಲ್ಲ. ತಲೆ ಬಾಚುವ ಕೆಲಸ ಮಾಡಿ, ಬಣ್ಣ ಹಚ್ಚುವುದು ಗಂಡಸರ ಕೆಲಸ ಎನ್ನುತ್ತಿದ್ದರು. ಚಾರು ಖುರಾನಾ ಎಂಬ ಮೇಕಪ್ ಕಲಾವಿದೆ ಸುಪ್ರೀಂ ಕೋರ್ಟಿನವರೆಗೆ ಹೋದರು. ಆ ನಿಯಮವನ್ನು ಕೋರ್ಟ್ ಕಿತ್ತುಹಾಕಿದ್ದು 2014ರ ನವೆಂಬರಿನಲ್ಲಿ. ಸ್ವಾತಂತ್ರ್ಯ ಬಂದು ಅರವತ್ತೇಳು ವರ್ಷ ಆದ ಮೇಲೆ!

ಈಗ ನಮ್ಮ ಜಿಲ್ಲೆಗೇ ಸಿನಿಮಾ ನಡೆದು ಬಂದಿದೆ. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನ ಮೂಲ ವೈದೇಹಿಯವರ ಕತೆ, ಅದು ನಡೆಯುವುದು ಕುಂದಾಪುರದ ಕಡೆಯ ಕಡಲ ಬದಿಯಲ್ಲಿ. ಸಿನಿಮಾದ ಹುಚ್ಚಿನ ಸೂಲಗಿತ್ತಿ ಗುಲಾಬಿಯ ಪಾತ್ರಕ್ಕೆ ಉಮಾಶ್ರೀ ರಾಷ್ಟ್ರಪ್ರಶಸ್ತಿ ಪಡೆದರು. ‘ಉಳಿದವರು ಕಂಡಂತೆ’ಗೆ ಮಲ್ಪೆ, ‘ಕಾಂತಾರ’ಕ್ಕೆ ಕೆರಾಡಿ. ತುಳು ಚಿತ್ರಗಳಂತೂ ಮೊದಲಿನಿಂದ ಇಲ್ಲಿಯವೇ. ಒಂದು ಯೂನಿಟ್ ಬಂದರೆ ಊರ ಹೆಂಗಸರಿಗೂ ಕೆಲಸ ಉಂಟು. ಅಡುಗೆಗೆ, ಜಾತ್ರೆಯ ದೃಶ್ಯದ ಗುಂಪಿಗೆ, ಹೂ ಕಟ್ಟುವುದಕ್ಕೆ, ನನ್ನ ಹಾಗೆ ಬಟ್ಟೆಗೆ. ಇಡೀ ದಿನ ಬಿಸಿಲಲ್ಲಿ ನಿಂತ ಗುಂಪಿನವರಿಗೆ ಏಜೆಂಟ್ ಎಷ್ಟು ಕೊಟ್ಟನೋ ಅಷ್ಟೇ ಕೂಲಿ. ಮೇಲಿನಿಂದ ಅವನ ಕೈಗೆ ಬಂದದ್ದೆಷ್ಟು ಎಂದು ಕೇಳಲು ದಾರಿಯೇ ಇಲ್ಲ.

ಇತ್ತೀಚೆಗೆ ಕಾಪು ಕಡೆಯ ಒಬ್ಬರು ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದರು. ಹುಡುಗಿ ಮಣಿಪಾಲದಲ್ಲಿ ಮಾಧ್ಯಮ ಓದಿ ಮುಗಿಸಿದವಳು, ಚುರುಕು. ಬೆಂಗಳೂರಿನ ಒಂದು ಧಾರಾವಾಹಿಗೆ ಸಹಾಯಕ ನಿರ್ದೇಶಕಿಯಾಗಿ ಬರಲು ಹೇಳಿದ್ದರಂತೆ.

“ಅಕ್ಕ, ನೀವು ಆ ಲೈನಲ್ಲಿ ಇದ್ದವರಲ್ವಾ, ಕಳಿಸ್ಬಹುದಾ? ಜನ ಒಳ್ಳೆಯವರಾ?” ಎಂದು ಅಪ್ಪ ಕೇಳಿದರು.

“ಜನರ ಬಗ್ಗೆ ನಾನು ಹೇಗೆ ಗ್ಯಾರಂಟಿ ಕೊಡ್ಲಿ ಅಣ್ಣಾ? ಕಾಗದ ಕೊಡ್ತಾರಾ ಅಂತ ಕೇಳಿ” ಅಂದೆ. ಸಂಬಳ ಯಾವ ತಾರೀಕಿಗೆ, ರಾತ್ರಿ ಪ್ಯಾಕಪ್ ಆದರೆ ರೂಮಿಗೆ ಬಿಡುವ ಗಾಡಿ ಯಾರದ್ದು, ದೂರು ಇದ್ದರೆ ಹೇಳಬೇಕಾದ್ದು ಯಾರಿಗೆ, ಇಷ್ಟು ಬರೆದ ಒಂದು ಹಾಳೆ.

ಹುಡುಗಿ ಅಪ್ಪನ ಮುಖ ನೋಡಿ, ನನ್ನ ಮುಖ ನೋಡಿ ಹೇಳಿದಳು: “ಆಂಟಿ, ಸುರುವಿಗೇ ಕಾಗದ ಕೇಳಿದ್ರೆ ಇವಳಿಗೆ ಆ್ಯಟಿಟ್ಯೂಡ್ ಅಂತಾರೆ. ಬೇರೆಯವಳನ್ನು ಕರೀತಾರೆ.”

ಅವಳ ಮಾತು ಸುಳ್ಳಲ್ಲ. ಒಬ್ಬಳೇ ಕೇಳಿದರೆ ಹಾಗೇ ಆಗುತ್ತದೆ. ನಮ್ಮ ಅಮ್ಮಂದಿರಲ್ಲಿಯೂ ಪುಸ್ತಕವನ್ನು ಒಬ್ಬೊಬ್ಬರೇ ಹೋಗಿ ಕೇಳಿದವರಿಲ್ಲ. ಹಾಗಾಗಿ ಹುಡುಗಿಯರಿಗೆ ಧೈರ್ಯದ ಪಾಠ ಹೇಳುವುದರಲ್ಲಿ ನನಗೆ ನಂಬಿಕೆ ಇಲ್ಲ. ಕೇಳಬೇಕಾದವರು ಬೇರೆ ಇದ್ದಾರೆ, ಅದಕ್ಕೆ ಬರುತ್ತೇನೆ. ಅದಕ್ಕೆ ಮೊದಲು, ಒಟ್ಟಾಗಿ ಕೇಳಿದವರ ಮಾತು.

ಕೇರಳದಲ್ಲಿ ನಟಿಯೊಬ್ಬರ ಮೇಲೆ 2017ರಲ್ಲಿ ನಡೆದ ಹಲ್ಲೆಯ ನಂತರ ಅಲ್ಲಿಯ ಕಲಾವಿದೆಯರು ಒಟ್ಟಾದರು, ಸರಕಾರ ನ್ಯಾಯಮೂರ್ತಿ ಹೇಮಾ ಸಮಿತಿ ಮಾಡಿತು. 2019ರ ಡಿಸೆಂಬರಿನಲ್ಲಿ ಕೊಟ್ಟ ವರದಿ ಜನರ ಕೈಗೆ ಬಂದದ್ದು 2024ರ ಆಗಸ್ಟಿನಲ್ಲಿ. ಆಗ ಪತ್ರಿಕೆಗಳು ದೊಡ್ಡ ಹೆಸರುಗಳ ಹಿಂದೆ ಓಡಿದವು. ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಲೊಕೇಷನ್ನಿನಲ್ಲಿ ಶೌಚಾಲಯ ಇಲ್ಲ, ಬಟ್ಟೆ ಬದಲಿಸುವ ಕೋಣೆ ಇಲ್ಲ, ಅದಕ್ಕಾಗಿ ಹೆಂಗಸರು ನೀರು ಕುಡಿಯದೇ ಇದ್ದು ಮೂತ್ರದ ಸೋಂಕು ಬರಿಸಿಕೊಳ್ಳುತ್ತಾರೆ ಎಂದು ಅದರಲ್ಲಿ ಬರೆದಿದೆ. ಓದಿ ನನಗೆ ಅಳು ಬಂತು. ಗದ್ದೆ ಬದಿಯ ಚಿತ್ರೀಕರಣಗಳಲ್ಲಿ ನಾನೂ ನನ್ನ ಜೊತೆಯವರೂ ಮಾಡಿದ್ದು ಅದನ್ನೇ. ನಾಲ್ಕು ಹೆಂಗಸರು ಸುತ್ತ ಸೀರೆ ಹಿಡಿದು ನಿಂತು, ಅದರ ಮರೆಯಲ್ಲಿ ಸಹಕಲಾವಿದೆಯರ ಬಟ್ಟೆ ಬದಲಿಸಿದ್ದೇವೆ.

ಕನ್ನಡದಲ್ಲಿಯೂ ಅಂಥ ಸಮಿತಿ ಬೇಕೆಂದು 2024ರ ಸೆಪ್ಟೆಂಬರಿನಲ್ಲಿ ‘ಫೈರ್’ ಸಂಘಟನೆಯವರು 153 ಜನರ ಸಹಿ ಹಾಕಿಸಿ ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟರು. ಅದೇ ವರ್ಷ ಜುಲೈಯಲ್ಲಿ ನಮ್ಮ ವಿಧಾನಮಂಡಲ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಮಸೂದೆ ಒಪ್ಪಿತ್ತು. ಟಿಕೆಟ್ ಮೇಲೆ ಒಂದರಿಂದ ಎರಡು ಶೇಕಡಾ ಸೆಸ್ ಹಾಕಿ ನಿಧಿ ಮಾಡುವ ಕಾನೂನು ಅದು. ಎರಡೂ ಒಳ್ಳೆಯದು, ಎರಡೂ ಬೇಕು. ಆದರೆ ನಿಧಿಯಿಂದ ಏನಾದರೂ ಸಿಗಬೇಕಾದರೆ ಇವಳು ಇಷ್ಟು ವರ್ಷ ಈ ಕೆಲಸ ಮಾಡಿದ್ದಾಳೆ ಎಂದು ತೋರಿಸಬೇಕು. ತೋರಿಸುವುದು ಏನನ್ನು? ಮತ್ತೆ ಅದೇ ಕಾಗದದ ಮಾತಿಗೇ ಬರಬೇಕಾಯಿತು.

ಸಣ್ಣ ನಿರ್ಮಾಪಕರು ಹೇಳುವುದನ್ನೂ ಕೇಳಿದ್ದೇನೆ. ತುಳು ಚಿತ್ರಕ್ಕೆ ಮಾರುಕಟ್ಟೆಯೇ ಎರಡು ಜಿಲ್ಲೆ, ಹಾಕಿದ ದುಡ್ಡು ಬರುವುದೇ ಕಷ್ಟ, ಅದರ ಮೇಲೆ ಇದೆಲ್ಲ ಯಾಕೆ ಅನ್ನುತ್ತಾರೆ. ಅವರ ಕಷ್ಟ ನಿಜ. ಮನೆ ಅಡವಿಟ್ಟು ಸಿನಿಮಾ ಮಾಡಿದವರನ್ನು ನಾನು ಕಂಡಿದ್ದೇನೆ, ಅವರ ಮೇಲೆ ಗೌರವ ಉಂಟು. ಆದರೆ ಒಂದು ಹಾಳೆಯಲ್ಲಿ ಹೆಸರು, ದಿನದ ಸಂಬಳ, ಕೊಡುವ ತಾರೀಕು ಬರೆದು ಸಹಿ ಹಾಕುವುದಕ್ಕೆ ಖರ್ಚಿಲ್ಲ. ಕ್ಯಾಮೆರಾ ಬಾಡಿಗೆಗೆ ತರುವಾಗ, ಲೈಟ್ ತರುವಾಗ, ಜನರೇಟರ್ ತರುವಾಗ ಚೀಟಿ ಬರೆಯುತ್ತಾರೆ. ವಸ್ತುವಿಗೆ ಇರುವ ಚೀಟಿ ಮನುಷ್ಯರಿಗೆ ಬೇಡವೇ?

ಕೇಳಬೇಕಾದವರು ಯಾರು ಅನ್ನುವುದಕ್ಕೆ ಬರುತ್ತೇನೆ. ಪರ್ಕಳದಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಮಣಿಪಾಲದ ರಜತಾದ್ರಿ, ನಮ್ಮ ಜಿಲ್ಲಾಧಿಕಾರಿಗಳ ಕಚೇರಿ. ಕೇಳಬೇಕಾದವರು ಅಲ್ಲಿದ್ದಾರೆ, ಕೇಳುವುದಕ್ಕೆ ಕಾನೂನಿನ ಆಧಾರವೂ ಉಂಟು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಸಿನಿಮಾದ ಪ್ರತಿ ಯೂನಿಟ್ಟಿಗೂ ಇದು ಅನ್ವಯ ಎಂದು 2022ರ ಮಾರ್ಚಿನಲ್ಲಿ ಕೇರಳ ಹೈಕೋರ್ಟ್ ಹೇಳಿತು. ಹತ್ತಕ್ಕಿಂತ ಕಡಿಮೆ ಜನರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿ ದೂರು ತೆಗೆದುಕೊಳ್ಳಬೇಕು. ಘಟನೆ ನಡೆದ ಮೂರು ತಿಂಗಳ ಒಳಗೆ ದೂರು ಕೊಡಬೇಕು, ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಇನ್ನೂ ಮೂರು ತಿಂಗಳು. ಕೆಲಸಕ್ಕೆ ಕರೆದೊಯ್ಯುವ ಗಾಡಿಯೂ ಕಾಯ್ದೆಯ ಲೆಕ್ಕದಲ್ಲಿ ಕೆಲಸದ ಸ್ಥಳವೇ. ನಮ್ಮ ಜಿಲ್ಲೆಯಲ್ಲಿ ಚಿತ್ರೀಕರಣಕ್ಕೆ ಬಂದ ಹೆಣ್ಣುಮಕ್ಕಳಲ್ಲಿ ಇದನ್ನು ತಿಳಿದವರು ನನಗೆ ಸಿಕ್ಕಿದ್ದು ಬಹಳ ಕಡಿಮೆ.

ಕಡಲತೀರವಾಗಲಿ, ರಸ್ತೆಯಾಗಲಿ, ಸರಕಾರಿ ಜಾಗದಲ್ಲಿ ಶೂಟಿಂಗ್ ಮಾಡುವವರು ಅನುಮತಿಗೆ ಅರ್ಜಿ ಕೊಡುತ್ತಾರೆ. ಆ ಅನುಮತಿಗೆ ಮೂರು ಷರತ್ತು ಸೇರಿಸಿ ಎಂದು ಜಿಲ್ಲಾಡಳಿತವನ್ನು ಕೇಳುತ್ತೇನೆ. ಯೂನಿಟ್ಟಿನಲ್ಲಿ ದುಡಿಯುವ ಎಲ್ಲರಿಗೂ, ಊರಿನಿಂದ ಸೇರಿಸಿಕೊಂಡ ಗುಂಪಿನವರಿಗೂ, ಲಿಖಿತ ಕರಾರು ಇರಬೇಕು. ಆಂತರಿಕ ಸಮಿತಿಯ ಅಧ್ಯಕ್ಷೆಯ ಹೆಸರು, ಫೋನ್ ನಂಬರನ್ನು ಊಟದ ಟೇಬಲ್ ಹತ್ತಿರ ಕನ್ನಡದಲ್ಲಿ ಬರೆದು ಅಂಟಿಸಬೇಕು. ಹೆಂಗಸರಿಗೆ ಬೀಗ ಹಾಕಲು ಬರುವ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಇರಬೇಕು. ಅನುಮತಿ ಕೊಡುವ ಗ್ರಾಮ ಪಂಚಾಯತಿಗಳೂ ಇದನ್ನೇ ಕೇಳಲಿ. ಪಂಚಾಯತಿಯವರು ಕೇಳಿದರೆ ಯಾವ ಹುಡುಗಿಗೂ ಆ್ಯಟಿಟ್ಯೂಡ್ ಎಂಬ ಹೆಸರು ಬರುವುದಿಲ್ಲ. ಇದಕ್ಕೆ ಹೊಸ ಕಾನೂನು ಬೇಡ, ಬಜೆಟ್ ಬೇಡ, ಒಂದು ಸುತ್ತೋಲೆ ಸಾಕು.

ಕಾಪುವಿನ ಆ ಹುಡುಗಿ ಈಗ ಬೆಂಗಳೂರಿನಲ್ಲಿದ್ದಾಳೆ, ಕೆಲಸಕ್ಕೆ ಸೇರಿದ್ದಾಳೆ. ಅವಳ ಅಪ್ಪನಂಥವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಬಹಳ ಜನ ಇದ್ದಾರೆ. ಅವರಿಗೆ ನಾನು ಹೇಳುವುದಿಷ್ಟು: ಮಗಳನ್ನು ತಡೆಯಬೇಡಿ, ಇದು ಮರ್ಯಾದೆಯ ಕೆಲಸ. ಮಗಳ ಮೊದಲ ಫೋಟೋ ವಾಟ್ಸ್ಆ್ಯಪ್‌ನಲ್ಲಿ ನೆಂಟರಿಗೆ ಕಳಿಸುವ ಮೊದಲು ಅವಳ ಕರಾರಿನ ಪ್ರತಿಯನ್ನು ನೋಡಿ. ಅದು ಇಲ್ಲದಿದ್ದರೆ ನಿಮ್ಮ ಪಂಚಾಯತಿ ಸದಸ್ಯರ ಹತ್ತಿರ, ಶಾಸಕರ ಹತ್ತಿರ ಹೋಗಿ, ಯಾಕೆ ಇಲ್ಲ ಎಂದು ಕೇಳಿ.